ತೊಂಬತ್ತಾರು ಎಲೆಗಳ ಸರ

ಬಿಸಿಲಿರಲಿ ಮೋಡವಿರಲಿ, ಆ ಅಧಿಕಾರಿ ಕೊಡೆ ಬಿಚ್ಚಿಕೊಂಡೇ ಹೊಲಕ್ಕಿಳಿಯುತ್ತಿದ್ದರು. ಕೊಡೆ ಅವರ ತಲೆಗಲ್ಲ, ಗಿಡಕ್ಕೆ. ಆಲೂಗಡ್ಡೆಯ ಎಲೆಯನ್ನು ನೆರಳಿನಲ್ಲಿ ಹಿಡಿದು ನೋಡಿದರೆ ಮಾತ್ರ ಅದರ ಮೈಮೇಲಿನ ಮಚ್ಚೆ ಕಣ್ಣಿಗೆ ಬೀಳುತ್ತದೆ. ಬಿಸಿಲಿಗೆ ಹಿಡಿದರೆ ರೋಗಿಯೂ ಹಸಿರು, ಗಟ್ಟಿಮುಟ್ಟಾದದ್ದೂ ಹಸಿರು. ಹಾಗಾಗಿ ಅವರಿಗೆ ಕೊಡೆಯವರು ಎಂದೇ ಹೆಸರು ಬಿದ್ದಿತ್ತು. ಬಿತ್ತನೆ ಗಡ್ಡೆ ಬೆಳೆಯುವವರ ಹೊಲ ನೋಡಿ, ಇದು ಬಿತ್ತಲು ಲಾಯಕ್ಕು, ಇದು ಬೇಯಿಸಲು ಮಾತ್ರ ಲಾಯಕ್ಕು ಎಂದು ಚೀಟಿ ಬರೆದುಕೊಡುವುದು ಅವರ ಕೆಲಸ.

ಆ ದಿನ ಅವರು ಮೊದಲ ಸಾಲಿನ ನಾಲ್ಕನೆಯ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು, ಕೊಡೆ ಓರೆ ಮಾಡಿ, “ಬಾಮ್ಮ, ಇಲ್ಲಿ ಬಗ್ಗಿ ನೋಡು” ಎಂದರು.

ಹೊಲದ ಒಡತಿ, ಆ ಮನೆಯ ಸೊಸೆ, ಬಗ್ಗಿದಳು. ಎಲೆಯ ಮೇಲೆ ತಿಳಿಹಸಿರು, ಕಡುಹಸಿರು ಒಂದರೊಳಗೊಂದು ಕಲಸಿಕೊಂಡಿದ್ದವು. ಒದ್ದೆ ಕೈಯಲ್ಲಿ ಯಾರೋ ಬಣ್ಣ ಒರೆಸಿದ ಹಾಗೆ.

“ಅಯ್ಯೋ ದೇವರೇ,” ಎಂದಳು.

“ವೈರಸ್ಸು. ಹುಳ ತರೋದಲ್ಲ ಇದು, ಸೋಂಕಿನಿಂದ ಬರೋದು. ಇನ್ನೂ ಎಂಟು ಗಿಡ ಹೀಗೇ ಇದೆ. ಇವತ್ತಿಗೆ ಪಾಸು ಮಾಡ್ತೀನಿ. ಆದ್ರೆ ಹನ್ನೆರಡು ದಿನ ಬಿಟ್ಟು ಬಂದು ನೂರು ಎಲೆ ಕೊಯ್ದು ಪರೀಕ್ಷೆ ಮಾಡ್ತೀನಿ. ಹತ್ತು ಎಲೆ ಅರೆದು ಅದಕ್ಕೊಂದು ಪರೀಕ್ಷೆಯ ಪಟ್ಟಿ ಅದ್ದೋದು. ಒಂದು ಪಟ್ಟಿಯಲ್ಲಿ ರೋಗ ಕಂಡ್ರೆ ಕಣ್ಣು ಮುಚ್ಕೋತೀನಿ, ಎರಡರಲ್ಲಿ ಕಂಡ್ರೆ ಚೀಟಿ ಇಲ್ಲ.”

ಚೀಟಿ ಇಲ್ಲವೆಂದರೆ ಏನೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ನಾಲ್ಕು ವರ್ಷದ ಕೆಳಗೆ ಪ್ರಯೋಗಾಲಯದಿಂದ ಆರು ಗಾಜಿನ ಬಾಟಲಿಗಳನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದಿದ್ದಳು. ಅವುಗಳಲ್ಲಿ ಬೆರಳುದ್ದದ ಹತ್ತೊಂಬತ್ತು ಸಸಿಗಳಿದ್ದವು, ಯಾವ ರೋಗವೂ ಇಲ್ಲದವು. ಅವು ಗಡ್ಡೆಯಾಗಿ, ಗಡ್ಡೆ ಗಿಡವಾಗಿ, ಮತ್ತೆ ಗಡ್ಡೆಯಾಗಿ ಈಗ ಅರವತ್ತು ಗಿಡಗಳ ಇಪ್ಪತ್ತೆರಡು ಸಾಲು. ಹೋದ ವರ್ಷ ಪ್ರಯೋಗಾಲಯದಲ್ಲಿದ್ದ ಆ ತಳಿಯ ಬಾಟಲಿಗಳಿಗೆಲ್ಲ ಬೂಷ್ಟು ಬಂದು ಚೆಲ್ಲಿಬಿಟ್ಟಿದ್ದರು. “ನಿಮ್ಮದು ಪಾಸಾದ್ರೆ ನಿಮ್ಮ ಗಡ್ಡೆಯಿಂದಲೇ ಮತ್ತೆ ಶುರು ಮಾಡ್ತೀವಿ” ಎಂದು ಅಲ್ಲಿಯವರು ಕಾಗದ ಬರೆದಿದ್ದರು. ಆ ತಳಿಯ ಚೊಕ್ಕ ಬೀಜ ಉಳಿದಿದ್ದದ್ದು ಈ ಇಪ್ಪತ್ತೆರಡು ಸಾಲಿನಲ್ಲಿ ಮಾತ್ರ. ಸೊಸೆ ಅದನ್ನು ಮೊಟ್ಟೆಯ ಮೇಲೆ ಕೂತ ಕೋಳಿಯಂತೆ ಕಾದಿದ್ದಳು. ಹತ್ತಿರ ಬಂದವರನ್ನೆಲ್ಲ ಕುಕ್ಕಿಯೂ ಇದ್ದಳು.

ಬೇಲಿಯ ಬಾಗಿಲಿಗೆ ಅವಳೇ ಒಂದು ಹಲಗೆ ಬರೆದು ತೂಗುಹಾಕಿದ್ದಳು. ಒಂದು, ಕೈ ಕಾಲು ತೊಳೆಯದೆ ಒಳಗೆ ಬರಬಾರದು. ಎರಡು, ಹೊರಗಿನ ಯಾವ ವಸ್ತುವನ್ನೂ ಒಳಗೆ ತರಬಾರದು. ಮೂರು, ಸುತ್ತಮುತ್ತ ಬೇರೆ ಆಲೂಗಡ್ಡೆ ಬೆಳೆಯಬಾರದು. ಬಾಗಿಲ ಪಕ್ಕ ಸೋಪಿನ ನೀರಿನ ತೊಟ್ಟಿ, ಅದರ ಮೇಲೆ ಕೋಟು, ಟೋಪಿ, ಚೀಲ ನೇತುಹಾಕಲು ಸಾಲಾಗಿ ಕೊಕ್ಕೆಗಳು.

ಕೊಡೆಯವರು ಹೋದ ಮೇಲೆ ಅವಳು ಗಂಡನನ್ನು ಹಿಡಿದುಕೊಂಡಳು. ಗಂಡ ನೀರಿನ ಪಂಪು ರಿಪೇರಿ ಮಾಡುವವನು. ಎಂಥ ಪಂಪು ಕೆಟ್ಟರೂ, ಯಾರು ಎಷ್ಟು ಬೈದರೂ “ಆಯ್ತು ಬಿಡು” ಎನ್ನುವವನಾದ್ದರಿಂದ ಊರಿನಲ್ಲಿ ಅವನನ್ನು ಆಯ್ತುಬಿಡು ಎಂದೇ ಕರೆಯುತ್ತಿದ್ದರು.

“ಗ್ರೀಸು ಮೆತ್ತಿದ ಕೈಯಲ್ಲೇ ಒಳಗೆ ಹೋಗಿದ್ರಿ ತಾನೆ?”

“ನಾನು ಹೊಲಕ್ಕೆ ಹೋಗಿ ತಿಂಗಳಾಯ್ತು ಮಾರಾಯ್ತಿ. ಹಲಗೆ ನೋಡಿದ್ರೇ ಕಾಲು ನಡುಗುತ್ತೆ.”

“ಹಾಗಾದ್ರೆ ರೋಗ ಆಕಾಶದಿಂದ ಉದುರಿತಾ?”

“ಒಂಬತ್ತೇ ಗಿಡ ತಾನೆ? ಕಿತ್ತು ಬಿಸಾಕು. ಆಯ್ತು ಬಿಡು.”

“ಏನಾಯ್ತು? ಏನು ಬಿಡಲಿ? ಅಯ್ಯೋ ದೇವರೇ!”

ಒಳಗೆ ಅವರೆಕಾಳು ಬಿಡಿಸುತ್ತ ಕೂತಿದ್ದ ಅತ್ತೆ ತಲೆಯೆತ್ತದೆ ಹೇಳಿದರು: “ದಿನಕ್ಕೆ ನನಗಿಂತ ಹೆಚ್ಚು ಸಲ ನೀನೇ ದೇವರ ಹೆಸರು ಹೇಳ್ತೀಯ ಕಣೇ. ಏನು ಮಾಡೋದು, ಎಲ್ಲ ಸಿಟ್ಟಲ್ಲೇ ಹೋಗುತ್ತೆ.”

ಅತ್ತೆ ಹೆಸರು ಹೇಳುವ ಹೆಂಗಸು. ಬೆಳಕು ಹರಿಯುವಾಗ ಎದ್ದು ಮಣಿಸರ ಹಿಡಿದು, ಮಣಿಗೊಂದು ಸಲ ದೇವರ ಹೆಸರು ಹೇಳುತ್ತ ಅಡ್ಡಾಡುವುದು ಅವರು ಮದುವೆಯಾಗಿ ಬಂದಂದಿನಿಂದಲೂ ನಡೆದು ಬಂದದ್ದು. ಸರದಲ್ಲಿ ನೂರು ಮಣಿ ಇದ್ದವು. ಈ ಹಂಗಾಮಿನ ಮೊದಲಿಗೆ, ಹೊಲಕ್ಕೆ ಹೋಗುವ ಸಾಮಾನನ್ನೆಲ್ಲ ಔಷಧದ ನೀರಿನಲ್ಲಿ ಅದ್ದುವ ಭರದಲ್ಲಿ, ಸೊಸೆ ಆ ಸರವನ್ನೂ ಅದ್ದಿಬಿಟ್ಟಿದ್ದಳು. ದಾರ ಕೊಳೆತು ತುಂಡಾಗಿ ನಾಲ್ಕು ಮಣಿ ಮೋರಿ ಪಾಲಾದವು. ಉಳಿದ ತೊಂಬತ್ತಾರನ್ನು ಅವಳೇ ಕೂತು ಮೀನಿನ ಗಾಳದ ದಾರಕ್ಕೆ ಪೋಣಿಸಿ ಕೊಟ್ಟಿದ್ದಳು. ಅತ್ತೆ ಒಂದು ಮಾತೂ ಆಡಿರಲಿಲ್ಲ. ಆಡಿದ್ದರೆ ಚೆನ್ನಾಗಿತ್ತು ಎಂದು ಸೊಸೆಗೆ ಆಮೇಲೆ ಎಷ್ಟೋ ಸಲ ಅನ್ನಿಸಿತು. ಮಾತಿಲ್ಲದ ಕ್ಷಮೆ ಮೈಗೆ ಅಂಟಿಕೊಂಡ ಜೇಡಿಮಣ್ಣಿನಂತೆ, ತೊಳೆದಷ್ಟೂ ಹೋಗುವುದಿಲ್ಲ.

ಒಂಬತ್ತು ಗಿಡವನ್ನು ಕಿತ್ತು ಚೀಲಕ್ಕೆ ಹಾಕಿ, ಕಿತ್ತ ಜಾಗದಲ್ಲೆಲ್ಲ ಕೆಂಪು ಚಿಂದಿ ಕಟ್ಟಿದ ಕಡ್ಡಿ ನೆಟ್ಟಳು. ಮರುದಿನ ಹಳೆಯ ಕೊಡೆಯೊಂದನ್ನು ಹುಡುಕಿ ತೆಗೆದು ತಾನೇ ನೆರಳು ಹಿಡಿದು ನೋಡಿದರೆ ಮತ್ತೆ ಮೂರು. ಅದರಾಚೆ ದಿನ ಐದು. ಕೀಳುವುದು, ನೆಡುವುದು, ಕೀಳುವುದು, ನೆಡುವುದು. ಐದನೆಯ ದಿನ ಕೆಂಪು ಕಡ್ಡಿಗಳು ಮೂವತ್ತೊಂದಾದವು. ತೊಟ್ಟಿಗೆ ಸೋಪು ಎರಡರಷ್ಟು ಹಾಕಿದಳು. ಸಲಿಕೆ ಕುದಿಸಿದಳು. ನೀರು ಬಿಡಲು ಬರುತ್ತಿದ್ದ ಪಕ್ಕದ ಮನೆಯ ಮುದುಕನ ಕಾಲು ತೊಳೆಸಿ ತೊಳೆಸಿ, ಕೊನೆಗೆ ಅವನು “ನಿಮ್ಮ ಹೊಲಕ್ಕೆ ಬರೋದಕ್ಕಿಂತ ಮದುವೆ ಮನೆಗೆ ಹೋಗೋದು ಸಲೀಸು” ಎಂದು ಬರುವುದನ್ನೇ ಬಿಟ್ಟ. ರೋಗ ಮಾತ್ರ ಬಿಡಲಿಲ್ಲ.

ಆರನೆಯ ದಿನ ಮಧ್ಯಾಹ್ನ ಅವಳು ರಟ್ಟಿನ ಮೇಲೆ ಹೊಲದ ನಕ್ಷೆ ಬರೆದು, ಕಿತ್ತ ಗಿಡಗಳಿಗೆಲ್ಲ ಚುಕ್ಕಿ ಇಟ್ಟಳು. ಊಟಕ್ಕೆ ಬಂದ ಗಂಡ ಹೆಗಲ ಮೇಲಿಂದ ಇಣುಕಿದ.

“ಇದೇನೇ, ನಿನ್ನ ರೋಗ ಸಾಲು ಹಿಡಿದು ನಡೆಯುತ್ತಲ್ಲ. ಒಳ್ಳೆ ಶಿಸ್ತು.”

ಹೌದು. ಮೊದಲ ಸಾಲಿನಲ್ಲಿ ಬಾಗಿಲಿನಿಂದ ಆ ತುದಿಯ ತನಕ ಚುಕ್ಕಿ. ಅಲ್ಲಿಂದ ಹೊರಳಿ ಎರಡನೆಯ ಸಾಲಿನಲ್ಲಿ ಹಿಂದಕ್ಕೆ ಬರುತ್ತ ಚುಕ್ಕಿ. ಹಾಗೆ ಬರುತ್ತ ಬರುತ್ತ ಇಪ್ಪತ್ತೆಂಟನೆಯ ಗಿಡದ ಹತ್ತಿರ ಟಕ್ಕನೆ ನಿಂತಿತ್ತು. ಅದರಾಚೆ ಒಂದೂ ಇಲ್ಲ. ಮೂರನೆಯ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು. ಉಳಿದ ಹತ್ತೊಂಬತ್ತು ಸಾಲು ಖಾಲಿ.

ಕೊಡೆಯವರಿಗೆ ಫೋನು ಮಾಡಿದಳು.

“ಸಾಲು ಹಿಡಿದಿದ್ರೆ ಅದು ಗಾಡಿ ಚಕ್ರ ಇಲ್ಲಾ ಮನುಷ್ಯರ ಕೈ,” ಎಂದರು ಅವರು. “ರೋಗದ ಎಲೆ ಉಜ್ಜಿದ ಕೈಯಲ್ಲಿ ಇನ್ನೊಂದು ಎಲೆ ಉಜ್ಜಿದ್ರೆ ಸಾಕು. ಸೋಂಕು ಅಂದೆನಲ್ಲಮ್ಮ ಅವತ್ತೇ?”

“ಸೋಂಕು ಅಂದ್ರೆ ಕ್ರಿಮಿ ಅಂದ್ಕೊಂಡು ನಾನು ಕೈಕಾಲು ತೊಳೆಸ್ತಾ ಕೂತಿದ್ದೀನಿ, ಸ್ವಾಮಿ!”

“ತೊಳೆದ ಕೈ ಮೊದಲ ಗಿಡದ ತನಕ ಮಾತ್ರ ತೊಳೆದ ಕೈ.”

ಅರವತ್ತು, ಮೇಲೆ ಇಪ್ಪತ್ತೆಂಟು. ಎಂಬತ್ತೆಂಟು ಗಿಡ. ಎಂಬತ್ತೆಂಟೇ ಗಿಡ ಮುಟ್ಟಿ ನಿಂತುಬಿಡುವ ಮನುಷ್ಯ ಯಾರು? ಕಳ್ಳನಾದರೆ ಕೀಳುತ್ತಾನೆ, ದನವಾದರೆ ಮೇಯುತ್ತದೆ. ಎಣಿಸಿಕೊಂಡು ಬಂದು ಎಣಿಸಿಕೊಂಡು ಹೋಗುವ ಈ ಪುಣ್ಯಾತ್ಮ ಯಾರೆಂದು ಯೋಚಿಸಿ ಯೋಚಿಸಿ ಅವಳ ತಲೆ ಚಿಟ್ಟು ಹಿಡಿಯಿತು.

ಮರುದಿನ ಮುಂಜಾನೆ ನೀರಿನ ಟ್ಯಾಂಕಿನ ಹಿಂದೆ ಅವಿತು ನಿಂತಳು.

ಅತ್ತೆ ಬಂದರು. ತೊಟ್ಟಿಯಲ್ಲಿ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದರು. ಒಂದೊಂದೇ ಕಾಲೆತ್ತಿ ಪಾದ ತೊಳೆದರು. ಕೊರಳಿನಿಂದ ಮಣಿಸರ ತೆಗೆದು ಕಣ್ಣಿಗೊತ್ತಿಕೊಂಡು ಕೊಕ್ಕೆಗೆ ಹಾಕಿದರು. ಒಳಗೆ ಬಂದವರು ನೇರ ಬೇಲಿಯ ಮೂಲೆಗೆ ಹೋಗಿ ಕುಂಬಳದ ಬಳ್ಳಿಯ ಎಲೆಗಳನ್ನು ಸರಿಸಿದರು. ಅಡಿಯಲ್ಲಿ ಎಂಟು ಆಲೂಗಡ್ಡೆ ಗಿಡಗಳಿದ್ದವು. ಹೊಲದ ಯಾವ ಗಿಡಕ್ಕಿಂತಲೂ ದಷ್ಟಪುಷ್ಟವಾಗಿ, ಮಿರಮಿರ ಮಿಂಚುತ್ತ ನಿಂತಿದ್ದವು.

ಅತ್ತೆ ಮೊದಲ ಗಿಡದ ಎಲೆಯೊಂದನ್ನು ಹೆಬ್ಬೆಟ್ಟು ತೋರುಬೆರಳಿನ ನಡುವೆ ಹಿಡಿದು, ಮಣಿ ಜಾರಿಸುವಂತೆ ಮೆಲ್ಲಗೆ ಉಜ್ಜಿ, ಹೆಸರು ಹೇಳಿದರು. ಎರಡನೆಯದು. ಮೂರನೆಯದು. ಎಂಟೂ ಮುಗಿಸಿ ಮೊದಲ ಸಾಲಿಗೆ ಬಂದರು. ಎಲೆಗೊಂದು ಹೆಸರು.

ಎಂಟು, ಎಂಬತ್ತೆಂಟು. ಸೊಸೆಯ ಬೆರಳುಗಳಿಗೆ ಗಾಳದ ದಾರ ನೆನಪಾಯಿತು. ತೊಂಬತ್ತಾರು.

“ಅತ್ತೇ!”

ಮುದುಕಿ ಬೆಚ್ಚಲಿಲ್ಲ. ತಡೆ ಎಂಬಂತೆ ಎಡಗೈ ಎತ್ತಿ, ಹಿಡಿದ ಎಲೆಯ ಹೆಸರು ಮುಗಿಸಿ, ಆಮೇಲೆ ತಿರುಗಿದರು. “ಹನ್ನೊಂದಕ್ಕೆ ನಿಲ್ಲಿಸಿದೆ ನೋಡು. ಏನೇ?”

“ಮಣಿ ಎಲ್ಲಿ ನಿಮ್ಮದು?”

“ಕೊಕ್ಕೇಲಿದೆ. ಹೊರಗಿನ ಯಾವ ವಸ್ತುವನ್ನೂ ಒಳಗೆ ತರಬಾರದು ಅಂತ ನೀನೇ ಬರೆದಿದ್ದೀಯಲ್ಲ.”

“ಅದಕ್ಕೆ ಎಲೆ ಹಿಡ್ಕೊಂಡು ಎಣಿಸೋದಾ?”

“ಎಲೆ ಒಳಗಿನದೇ ತಾನೆ? ಮುಟ್ಟಬಾರದು ಅಂತ ಹಲಗೇಲಿ ಇಲ್ಲ. ನಾನು ಮೂರು ಸಲ ಓದಿದ್ದೀನಿ.”

ಸೊಸೆ ಹಲಗೆಯತ್ತ ನೋಡಿದಳು. ನಿಜಕ್ಕೂ ಇರಲಿಲ್ಲ. ಮೈ ಪರಚಿಕೊಳ್ಳುವಂತಾಯಿತು.

“ಸರಿ. ಇದೇನು ಕುಂಬಳದ ಕೆಳಗೆ? ಬೇರೆ ಆಲೂಗಡ್ಡೆ ಇರಬಾರದು ಅಂತ ಇದೆ ತಾನೆ ಹಲಗೇಲಿ? ಹಿತ್ತಲಲ್ಲಿರೋದನ್ನ ಕಿತ್ತುಬಿಡಿ ಅಂದೆ. ಕಿತ್ತಾಯ್ತು ಅಂದ್ರಿ!”

“ಕಿತ್ತೆ. ಕಿತ್ತು ಇಲ್ಲಿ ನೆಟ್ಟೆ. ಈ ಬೇಲಿಯೊಳಗೆ ಯಾವ ರೋಗವೂ ಬರಲ್ಲ ಅಂತ ಬಂದವರಿಗೆಲ್ಲ ನೀನೇ ಹೇಳ್ತಿದ್ದೆ. ಮತ್ತೆ ಬೇರೆ ಆಲೂಗಡ್ಡೆ ಅಂದ್ಯಲ್ಲ, ಇದು ಬೇರೆಯದಲ್ಲ. ನಮ್ಮದೇ. ನಿಮ್ಮ ಮಾವ ಮದುವೆಯಾದ ವರ್ಷ ಕೋಟಿನ ಜೇಬಲ್ಲಿ ಒಂದು ಗಡ್ಡೆ ತಂದಿದ್ರು. ಮೂವತ್ತೆಂಟು ವರ್ಷದಿಂದ ಒಂದು ಸಲವೂ ತಪ್ಪದೆ ನೆಟ್ಟಿದ್ದೀನಿ.”

ಆ ಹೊತ್ತಿಗೆ ಗಂಡನೂ ಹಲ್ಲುಜ್ಜುತ್ತ ಬೇಲಿಯ ಬಳಿ ಬಂದು ನಿಂತಿದ್ದ. ಕೊಡೆಯವರು ಬಿಟ್ಟುಹೋಗಿದ್ದ ಒಂದು ಪರೀಕ್ಷೆಯ ಪಟ್ಟಿಯನ್ನು ಸೊಸೆ ಮನೆಯಿಂದ ತಂದಳು. ಎಂಟು ಗಿಡಗಳಲ್ಲಿ ಒಂದರ ಎಲೆ ಕಿತ್ತು ಪಟ್ಟಿಯ ಜೊತೆಗಿದ್ದ ದ್ರವದಲ್ಲಿ ಅರೆದು ಪಟ್ಟಿ ಅದ್ದಿದಳು. ಒಂದು ಗೆರೆ ಮೂಡಿದರೆ ಗಿಡಕ್ಕೆ ಆರೋಗ್ಯ, ಎರಡು ಮೂಡಿದರೆ ರೋಗ. ಮೂವರೂ ತಲೆಗೆ ತಲೆ ತಾಗಿಸಿ ನೋಡಿದರು. ಒಂದು ಗೆರೆ ಮೂಡಿತು. ಅದರ ಪಕ್ಕದಲ್ಲಿ, ಅಷ್ಟೇ ದಪ್ಪಗೆ, ಇನ್ನೊಂದು.

“ಅದಕ್ಕೆ ಏನೂ ಆಗಿಲ್ವಲ್ಲ?” ಎಂದರು ಅತ್ತೆ. “ಎಷ್ಟು ಚೆನ್ನಾಗಿದೆ.”

“ಅದಕ್ಕೇನೂ ಆಗಲ್ಲ ಅತ್ತೆ. ಒಳಗೊಳಗೇ ಹೊತ್ಕೊಂಡಿರುತ್ತೆ. ತಾನು ಮಲಗಲ್ಲ, ಪಕ್ಕದವರನ್ನ ಮಲಗಿಸುತ್ತೆ.”

“ನಮ್ಮ ದೊಡ್ಡಪ್ಪನ ಹಾಗೆ,” ಎಂದ ಗಂಡ.

“ನೀವು ಬಾಯಿ ಮುಚ್ಚಿ!”

“ಆಯ್ತು ಬಿ…” ಎಂದವನು ಹೆಂಡತಿಯ ಮುಖ ನೋಡಿ ಉಳಿದದ್ದನ್ನು ಹಲ್ಲಿನ ನೊರೆಯ ಜೊತೆ ನುಂಗಿದ.

ಅತ್ತೆ ತಮ್ಮ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದರು. “ಸೋಂಕು ಸೋಂಕು ಅಂತಿದ್ರಿ. ಸೋಂಕು ಅಂದ್ರೆ ಮುಟ್ಟೋದು ಅಂತ ನನಗೆ ಗೊತ್ತಿಲ್ವಾ? ದೇವರೇ, ನಿನ್ನ ಪಾದ ಸೋಂಕಲಿ ಅಂತ ದಿನಾ ಕೇಳ್ಕೊಳ್ಳೋಳು ನಾನು. ನೀವು ಆಡ್ತಿದ್ದದ್ದು ರೋಗದ ಮಾತು ಅಂದ್ಕೊಂಡು ಸುಮ್ನಿದ್ದೆ. ಗಿಡಕ್ಕೆ ಹುಷಾರಿಲ್ಲ ಅಂದ ಮೇಲೆ, ಅವನ ಹೆಸರು ಸೋಂಕಿದ್ರೆ ವಾಸಿಯಾಗ್ಲಿ ಅಂತ, ಇನ್ನೂ ಸ್ವಲ್ಪ ಒತ್ತಿ ಉಜ್ಜಿದೆ.”

ಇಲ್ಲಿ ಸೊಸೆ ಸುಮ್ಮನಿರಬಹುದಿತ್ತು. ಸುಮ್ಮನಿರುವ ಶಕ್ತಿ ಅವಳಲ್ಲಿ ಆರು ದಿನದ ಹಿಂದೆಯೇ ಮುಗಿದಿತ್ತು.

“ನನ್ನ ನಾಲ್ಕು ವರ್ಷವನ್ನ ನಿಮ್ಮ ದೇವರ ಹೆಸರೇ ತಿಂದುಹಾಕ್ತು,” ಎಂದಳು.

ಅತ್ತೆ ಕೊಕ್ಕೆಯಲ್ಲಿದ್ದ ಸರವನ್ನೂ ಮರೆತು ಮನೆಯೊಳಗೆ ಹೋದರು. ಆ ದಿನ ಮಣಿಸರ ಅಲ್ಲೇ ಬಿಸಿಲಿನಲ್ಲಿ ತೂಗಾಡುತ್ತಿತ್ತು.

ಕೋಪದ ಮಾತು ಬಾಯಿಂದ ಹೊರಟಾಗ ಹಗುರ, ಕೇಳಿದವರ ಎದೆಗೆ ತಲುಪುವಾಗ ಭಾರ. ಸೊಸೆಗೆ ಇದು ತಿಳಿಯದ್ದೇನಲ್ಲ. ಆದರೆ ಕ್ಷಮೆ ಕೇಳಲು ಹೋದರೆ ಮತ್ತೆ ಬೈಗುಳವೇ ಹೊರಬಿದ್ದೀತೆಂದು ಹೆದರಿ ಕೊಡೆಯವರಿಗೆ ಫೋನು ಮಾಡಿದಳು. ಅವರು ಸುದ್ದಿಯನ್ನೆಲ್ಲ ಕೇಳಿ, ನಗು ತಡೆದುಕೊಂಡು ಒಮ್ಮೆ ಕೆಮ್ಮಿ, ಆ ಎಂಟನ್ನೂ ಮೊದಲ ಮೂರು ಸಾಲುಗಳನ್ನೂ ಪೂರಾ ಕಿತ್ತುಹಾಕಿ ಎಂದರು. ಚೆನ್ನಾಗಿ ಕಾಣುವ ಗಿಡವನ್ನೂ ಬಿಡಬಾರದು. ಕೈಗವಸು ಹಾಕಬೇಕು. ಮಣ್ಣು ಕೊಡವಬಾರದು. ಹೊತ್ತು ತಿರುಗದೆ ಅಲ್ಲೇ ಚೀಲಕ್ಕೆ ತುಂಬಿ ಬಾಯಿ ಕಟ್ಟಬೇಕು. ಉಳಿದದ್ದು ಅದೃಷ್ಟ.

ಮೂರು ಸಾಲು ಕೀಳಬೇಕು ಎಂದು ಅವಳು ಊಟದ ಹೊತ್ತಿನಲ್ಲಿ ಗೋಡೆಗೆ ಹೇಳುವಂತೆ ಹೇಳಿದಳು. ಎಂಟರ ವಿಷಯ ಬಾಯಿಗೆ ಬರಲಿಲ್ಲ. ಗಂಡ ಸಾರಿನಲ್ಲಿ ಏನನ್ನೋ ಹುಡುಕುತ್ತಿದ್ದ. ಅತ್ತೆ ಕೇಳಿದರು: “ಎಂಟೂ ತಾನೆ?”

“ಹೂಂ.”

“ಒಂದು ಗಡ್ಡೆ ಮಡಕೇಲಿಟ್ಟು, ದೂರ…”

“ಇಲ್ಲ ಅತ್ತೆ.”

“ಹೂಂ,” ಎಂದರು ಅತ್ತೆ.

ಮರುದಿನ ಬೆಳಿಗ್ಗೆ ಸೊಸೆ ಚೀಲ ಹಿಡಿದು ಹೋಗುವಷ್ಟರಲ್ಲಿ ಅತ್ತೆ ಆಗಲೇ ಕುಂಬಳದ ಮೂಲೆಯಲ್ಲಿದ್ದರು. ಕೈಗೆ ಮಗನ ಪಂಪಿನ ಕೆಲಸದ ಹೊಸ ರಬ್ಬರು ಗವಸು, ಒಂದೊಂದು ಬೆರಳೂ ಎರಡು ಬೆರಳಿನಷ್ಟು ದಪ್ಪ. ಮೊದಲ ಗಿಡದ ಬುಡ ಹಿಡಿದು, ಹೆಸರು ಹೇಳಿ, ಕಿತ್ತರು. ಬುಡದಲ್ಲಿ ಎಳೆಯ ಗಡ್ಡೆಗಳು ಗೋಲಿಯಂತೆ ತೂಗಿದವು. ಮಣ್ಣು ಕೊಡವದೆ ಚೀಲಕ್ಕಿಳಿಸಿದರು. ಎರಡನೆಯದು. ಎಂಟನೆಯದರ ಮುಂದೆ ಮಾತ್ರ ಸ್ವಲ್ಪ ಹೊತ್ತು ಕೂತಿದ್ದು, ಆಮೇಲೆ ಅದನ್ನೂ ಕಿತ್ತರು.

“ನಾನು ಮಾಡ್ತೀನಿ, ನೀವು ಕೂತ್ಕೊಳ್ಳಿ ಅತ್ತೆ.”

“ಎಣಿಕೆ ತಪ್ಪಿಸಬೇಡ.”

ಸೊಸೆ ಚೀಲ ಹಿಡಿದಳು, ಅತ್ತೆ ಕಿತ್ತರು. ಕೆಂಪು ಕಡ್ಡಿ ನೆಟ್ಟ ಖಾಲಿ ಜಾಗದ ಮುಂದೆಯೂ ನಿಂತು ಒಂದೊಂದು ಹೆಸರು ಹೇಳಿ ಕಡ್ಡಿಯನ್ನೂ ಕಿತ್ತರು. ಒಮ್ಮೆ ಮಾತ್ರ, ಒಳ್ಳೆಯ ಹೂ ಬಿಟ್ಟಿದ್ದ ಗಿಡವೊಂದನ್ನು ಕೀಳುವುದನ್ನು ನೋಡಲಾರದೆ ಸೊಸೆಯ ಕಣ್ಣು ತುಂಬಿದಾಗ, ಅತ್ತೆ ಗವಸಿನ ಕೈಯಲ್ಲಿ ಸಮಾಧಾನ ಮಾಡಲು ಹೋಗಿ, ಗವಸು ನೋಡಿಕೊಂಡು ನಿಲ್ಲಿಸಿ, ಮೊಣಕೈಯಿಂದ ಅವಳ ಬೆನ್ನು ತಟ್ಟಿದರು. ಮೂರು ಸಾಲು ಮುಗಿಯುವ ಹೊತ್ತಿಗೆ ಹೊತ್ತು ನೆತ್ತಿಗೇರಿತ್ತು. ಎರಡು ಸರಕ್ಕೆ ನಾಲ್ಕು ಹೆಸರು ಕಡಿಮೆ ಬಿತ್ತು. ಅವನ್ನು ಅತ್ತೆ ತೊಟ್ಟಿಯಲ್ಲಿ ಕೈ ತೊಳೆಯುವಾಗ ಹೇಳಿ ತುಂಬಿಸಿಕೊಂಡರು.

“ನಿನ್ನೆ ಅಂದದ್ದು…” ಎಂದು ಸೊಸೆ ಶುರು ಮಾಡಿದಳು.

“ಅವನಿಗೆ ಅಂದದ್ದು ತಾನೆ? ಅವನು ಇದಕ್ಕಿಂತ ಹೆಚ್ಚು ಕೇಳಿಸ್ಕೊಂಡಿದ್ದಾನೆ. ಸೋಪು ಕೊಡು.”

ಹನ್ನೆರಡನೆಯ ದಿನ ಕೊಡೆಯವರು ಬಂದರು. ಹತ್ತೊಂಬತ್ತು ಸಾಲುಗಳಲ್ಲಿ ಅಡ್ಡಾದಿಡ್ಡಿ ನಡೆದು ನೂರು ಎಲೆ ಕೊಯ್ದರು. ಹತ್ತು ಪುಟ್ಟ ಚೀಲಗಳಲ್ಲಿ ಹತ್ತು ಹತ್ತು ಎಲೆ ಅರೆದು, ಹತ್ತು ಪಟ್ಟಿಗಳನ್ನು ಅಂಗಳದ ಮೇಜಿನ ಮೇಲೆ ಸಾಲಾಗಿ ಅದ್ದಿಟ್ಟರು. ಸೊಸೆ ಮೇಜಿನ ಕಾಲು ಹಿಡಿದು ನಿಂತಿದ್ದಳು. ಗಂಡ ಯಾವುದೋ ಪಂಪಿನ ನಟ್ಟು ಬಿಚ್ಚುವುದು, ಬಿಗಿಯುವುದು ಮಾಡುತ್ತಿದ್ದ. ಅತ್ತೆ ಅಲ್ಲಿರಲಿಲ್ಲ.

ಮೊದಲನೆಯದು ಒಂದು ಗೆರೆ. ಎರಡನೆಯದು ಒಂದು ಗೆರೆ. ಮೂರನೆಯದರಲ್ಲಿ, ಕಂಡೂ ಕಾಣದಷ್ಟು ತೆಳ್ಳಗೆ, ಎರಡನೆಯ ಗೆರೆ ಮೂಡಿತು.

“ಕೊಡೆ ಹಿಡೀರಿ ಸ್ವಾಮಿ, ಸರಿಯಾಗಿ ನೋಡಿ,” ಎಂದ ಗಂಡ.

“ಹಿಡಿದ್ರೂ ಎರಡೇ ಕಣಪ್ಪ. ನಾಲ್ಕನೇ ಸಾಲಿನ ಎಲೆ ಇದರಲ್ಲಿದೆ. ಆ ಸಾಲೂ ಕೀಳಬೇಕು.”

ಉಳಿದ ಏಳು ಪಟ್ಟಿಗಳಲ್ಲೂ ಒದ್ದೆ ಮೆಲ್ಲಗೆ ಮೇಲೇರಿತು. ನಾಲ್ಕನೆಯದು, ಒಂದೇ ಗೆರೆ. ಐದು, ಆರು, ಏಳು. ಎಂಟನೆಯದು ಬಹಳ ಹೊತ್ತು ಏನೂ ತೋರಿಸದೆ, ಸೊಸೆಯ ಜೀವ ಬಾಯಿಗೆ ತಂದು, ಕೊನೆಗೆ ಒಂದು ಗೆರೆ ಎಳೆದು ಸುಮ್ಮನಾಯಿತು. ಒಂಬತ್ತು. ಹತ್ತು.

ಕೊಡೆಯವರು ಪೆನ್ನು ತೆಗೆದು ಚೀಟಿ ಬರೆಯತೊಡಗಿದರು. ಬಿತ್ತಲು ಲಾಯಕ್ಕು. ಸೊಸೆಗೆ ಅಕ್ಷರ ಕಾಣಲಿಲ್ಲ, ಕಣ್ಣಿಗೆ ನೀರು ಅಡ್ಡ ಬಂದಿತ್ತು.

“ಈಗ ಅಂತೀನಿ,” ಎಂದ ಗಂಡ. “ಆಯ್ತು ಬಿಡು.”

ಅವಳು ಚೀಟಿ ಹಿಡಿದುಕೊಂಡು ಅತ್ತೆಯನ್ನು ಹುಡುಕುತ್ತ ಹೊಲದ ಕಡೆ ಓಡಿದಳು. ಅತ್ತೆ ಬೇಲಿಯ ಹೊರಗಿದ್ದರು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬೇಲಿಯ ಕಲ್ಲುಗೂಟಗಳನ್ನು ಒಂದೊಂದಾಗಿ ದಾಟುತ್ತ, ಗೂಟಕ್ಕೊಂದು ಹೆಸರು ಹೇಳುತ್ತ, ಕೊನೆಯ ಗೂಟಕ್ಕೆ ಬಂದು ನಿಂತಿದ್ದರು. ಮಣಿಸರ ಕೊಕ್ಕೆಯಲ್ಲೇ ಇತ್ತು.

“ಅತ್ತೆ, ಪಾಸಾಯ್ತು! ಮತ್ತೆ, ನೀವು ಹೊರಗಿದ್ದೀರಿ. ಹೊರಗೆ ಮಣಿ ಹಿಡ್ಕೋಬಹುದು. ಹಲಗೆಯಲ್ಲಿ ಬರೆದದ್ದು ಒಳಗೆ ತರಬಾರದು ಅಂತ!”

“ಗೊತ್ತು. ಆ ಗಾಳದ ದಾರ ಬೆರಳಿಗೆ ಕೊಯ್ಯುತ್ತೆ ಕಣೇ, ಮೊದಲ ದಿನದಿಂದಲೂ. ನಿನಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ.” ಅತ್ತೆ ಕೊನೆಯ ಗೂಟದತ್ತ ಗಲ್ಲ ತೋರಿಸಿದರು. “ನಿನ್ನ ಬೇಲೀಲಿ ಗೂಟ ಎಪ್ಪತ್ತೊಂದೇ ಇದೆ. ಇನ್ನು ಇಪ್ಪತ್ತೈದಕ್ಕೆ ನಾನೇನು ಮಾಡಲಿ?”

“ಅಯ್ಯೋ ದೇವರೇ!” ಎಂದಳು ಸೊಸೆ.

“ಎಪ್ಪತ್ತೆರಡು,” ಎಂದರು ಅತ್ತೆ.